ಇನ್ನೊಂದು ಜಗಲಿ ಏರುವ ಮುನ್ನ

ಕಾಸರಗೋಡಿನ ಬಂಧುಗಳಿಗೆ ಉಮರ್ಗಾ, ನಿಲಂಗಾ, ಉದಗೀರ ಎಂಬ ಹೆಸರುಗಳು ದೂರದವು ಎನಿಸಬಹುದು. ಆದರೆ ನಮ್ಮಿಬ್ಬರ ಹಣೆಬರಹ ಬರೆದ ದಿನ ಒಂದೇ: 1956ರ ನವೆಂಬರ್ 1. ಅಂದು ಕಾಸರಗೋಡು ಕೇರಳದ ಪಾಲಾಯಿತು. ಅಂದೇ ಬೀದರ ಜಿಲ್ಲೆಯಲ್ಲಿದ್ದ ನಿಲಂಗಾ, ಉದಗೀರ ತಾಲೂಕುಗಳೂ ಉಸ್ಮಾನಾಬಾದ ಜಿಲ್ಲೆಯ ಉಮರ್ಗಾವೂ ಹೈದರಾಬಾದ್ ರಾಜ್ಯದಿಂದ ಕಳಚಿಕೊಂಡು ಮುಂಬಯಿ ರಾಜ್ಯಕ್ಕೆ ಸೇರಿದವು. ಆದ್ದರಿಂದ ನಮ್ಮ ಕಡೆಯ ಸಣ್ಣ ಸಂಗತಿಯೊಂದನ್ನು ನಿಮ್ಮ ಮುಂದಿಟ್ಟರೆ ಅದು ನಿಮ್ಮ ಮನೆಯದೂ ಆದೀತೆಂದು ನಂಬಿ ಬರೆಯುತ್ತಿದ್ದೇನೆ.

2025ರ ಸೆಪ್ಟೆಂಬರಿನಲ್ಲಿ 'ಅರಟ್ಟೈ' ಎಂಬ ಹೆಸರು ದೇಶದ ತುಂಬ ಕೇಳಿಬಂತು. ತಮಿಳುನಾಡಿನ ಜೋಹೊ ಸಂಸ್ಥೆ 2021ರಲ್ಲೇ ಹೊರತಂದಿದ್ದ ಈ ಮಾತುಕತೆಯ ತಾಣಕ್ಕೆ ಅಂದು ಹಠಾತ್ತನೆ ಜನ ಮುಗಿಬಿದ್ದರು. ಆ ತಮಿಳು ಹೆಸರು ನಮ್ಮ 'ಹರಟೆ'ಯ ನೆಂಟನಂತಿದೆ, ಕೇಳಿದೊಡನೆ ಹಿಡಿಸಿತು. ನಮ್ಮ ಬಳಗದ ಹುಡುಗರು, "ವಾಟ್ಸಾಪ್ ಸಾಕು, ಮೂರೂ ತಾಲೂಕಿನ ಕನ್ನಡದವರು ಇಲ್ಲೇ ಕೂಡೋಣ, ಭಾಷೆ ಉಳಿಸೋಣ" ಎಂದು ನನ್ನ ಫೋನಿಗೂ ಅದನ್ನು ಇಳಿಸಿಕೊಟ್ಟರು. ಬೇಡವೆನ್ನಲಿಲ್ಲ. ಆದರೆ ಈ ಉತ್ಸಾಹವನ್ನು ನಾನು ಹಿಂದೆಯೂ ಕಂಡವನು.

2004ರಲ್ಲಿ ಆರ್ಕುಟ್ ಬಂದಿತ್ತು. 2014ರಲ್ಲಿ ಬಾಗಿಲು ಹಾಕಿತು. 2011ರ ಗೂಗಲ್ ಪ್ಲಸ್ 2019ರಲ್ಲಿ ಕಣ್ಮುಚ್ಚಿತು. ಬೆಂಗಳೂರಿನಲ್ಲೇ ಹುಟ್ಟಿದ 'ಕೂ' ಎಂಬ ಹಳದಿ ಹಕ್ಕಿಯಂತೂ ಕನ್ನಡದವರ ಕಣ್ಮಣಿಯಾಗಿತ್ತು. 2020ರಲ್ಲಿ ರೆಕ್ಕೆ ಬಿಚ್ಚಿ, 2021ರಲ್ಲಿ ಮಂತ್ರಿಮಹೋದಯರಿಂದಲೂ ಹೊಗಳಿಸಿಕೊಂಡು, 2024ರ ಜುಲೈಯಲ್ಲಿ ಹಾಡು ನಿಲ್ಲಿಸಿತು. ಹೊಸ ನೀರು ಬಂದು ಹಳೆ ನೀರನ್ನು ಕೊಚ್ಚಿಕೊಂಡು ಹೋಗುವುದು ಲೋಕದ ರೂಢಿ. ಇಲ್ಲಿ ಮಾತ್ರ ಹೊಸ ನೀರು ಬರುವ ಮೊದಲೇ ಕೆರೆಯ ಒಡೆಯ ತೂಬು ತೆಗೆದುಬಿಡುತ್ತಾನೆ.

"ತಾಣಗಳು ಮುಚ್ಚುತ್ತವೆ, ಕಲ್ಲಿನ ಮೇಲೆ ಬರೆದದ್ದು ಮಾತ್ರ ಉಳಿಯುತ್ತದೆ" ಎಂದು ಹೇಳಿ ಮುಗಿಸುವುದು ಸುಲಭ. ಹಿರಿಯರು ಹಾಗೆಯೇ ಹೇಳುತ್ತಾರೆ. ಆ ಮಾತನ್ನೂ ನಾನು ಒಪ್ಪಲಾರೆ. ನಮ್ಮ ಸೀಮೆಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ಶಾಸನಗಳಿವೆ. ಒಂಬೈನೂರು ವರ್ಷ ಮಳೆ ಬಿಸಿಲು ತಿಂದೂ ನಿಂತಿವೆ. ಕಲ್ಲು ಉಳಿದಿದೆ. ಓದುವವನೆಲ್ಲಿ? ಅರಿಸಿನ ಕುಂಕುಮ ಹಚ್ಚಿ ಕೈಮುಗಿದು ಹೋಗುತ್ತೇವೆ. ಓದುಗನಿಲ್ಲದ ಮೇಲೆ ಕಲ್ಲಾದರೇನು, ಫೋನಿನ ಗಾಜಾದರೇನು?

ಇದು ನನಗೆ ಅರಿವಾದದ್ದು ಹೊಸ ತಾಣದ ಮೊದಲ ರಾತ್ರಿಯೇ. ಬಳಗಕ್ಕೆ ಹತ್ತಾರು ಸಂದೇಶಗಳು ಬಂದವು. ಮಾತು ಅಪ್ಪಟ ನಮ್ಮ ಕನ್ನಡ, ಅಕ್ಷರ ಮಾತ್ರ ದೇವನಾಗರಿ. ಉಳಿದವು ಇಂಗ್ಲಿಷ್ ಅಕ್ಷರದವು. ನಾನು ಕನ್ನಡ ಲಿಪಿಯಲ್ಲಿ ನಾಲ್ಕು ಸಾಲು ಬರೆದು ಹಾಕಿದೆ. ಗುಂಪು ಮೌನವಾಯಿತು. ಸ್ವಲ್ಪ ಹೊತ್ತಿಗೆ ಉದಗೀರಿನ ಹುಡುಗನೊಬ್ಬನ ಧ್ವನಿ ಬಂತು: "ಕಾಕಾ, ಬರದದ್ದು ಓದ್ಲಾಕ ಬರಲ್ರೀ. ಮಾತಾಡಿ ಕಳಸ್ರಿ."

ಅವನನ್ನು ಬೈಯಲೇ? ನಿಜಾಮರ ಕಾಲದಲ್ಲಿ ಅವನ ಮುತ್ತಜ್ಜ ಉರ್ದುವಿನಲ್ಲಿ ಓದಿದ. ಅಜ್ಜ, ಅಪ್ಪ ಮರಾಠಿಯಲ್ಲಿ ಓದಿದರು. ಇವನು ಇಂಗ್ಲಿಷಿನಲ್ಲಿ ಓದುತ್ತಿದ್ದಾನೆ. ನಾಲ್ಕು ತಲೆಮಾರೂ ಅವ್ವನೊಡನೆ ಕನ್ನಡದಲ್ಲೇ ಜಗಳಾಡಿದ್ದಾರೆ, ಕನ್ನಡದಲ್ಲೇ ಅತ್ತಿದ್ದಾರೆ. ಅಕ್ಷರ ಕೊಡದೆ ಹೋದವರು ನಾವು. ಓದು ಬಾರದ ಕೂಸನ್ನು ದೂರುವ ಹಕ್ಕು ನಮಗೆಲ್ಲಿದೆ?

ಧ್ವನಿಸಂದೇಶವನ್ನು ನಾನು ಹಳಿಯುವುದಿಲ್ಲ. ಭಾಲ್ಕಿಗೆ, ಬಸವಕಲ್ಯಾಣಕ್ಕೆ, ಆಳಂದಕ್ಕೆ ಕೊಟ್ಟ ಹೆಣ್ಣುಮಕ್ಕಳ ದನಿ ದಿನವೂ ತವರಿಗೆ ಕೇಳುತ್ತಿದೆಯೆಂದರೆ ಅದು ಸಣ್ಣ ಉಪಕಾರವಲ್ಲ. ನನ್ನ ತಕರಾರು ಬೇರೆ. ಪ್ರತಿ ಹೊಸ ತಾಣವೂ ನಮಗೆ ಕನ್ನಡದ ಕೆಲಸ ಮಾಡಿದ ಸಮಾಧಾನವನ್ನು ಅಗ್ಗದಲ್ಲಿ ಕೊಡುತ್ತದೆ. ಗುಂಪು ಕಟ್ಟಿದೆವು, ಬಾವುಟದ ಚಿತ್ರ ಹಾಕಿದೆವು, ನವೆಂಬರಿನಲ್ಲಿ ಶುಭಾಶಯ ಹಂಚಿದೆವು; ಕರ್ತವ್ಯ ತೀರಿತು! ಮನೆಯ ಮಗುವಿಗೆ ಒಂದು ಅಕ್ಷರ ಹೆಚ್ಚಿಗೆ ಬಂತೇ? ಆ ಪ್ರಶ್ನೆಯನ್ನು ಯಾವ ತಾಣವೂ ಕೇಳುವುದಿಲ್ಲ, ಏಕೆಂದರೆ ಅದಕ್ಕೆ ಬೇಕಾದದ್ದು ನಮ್ಮ ಹೊತ್ತು, ನಮ್ಮ ಲಿಪಿಯಲ್ಲ.

ಇನ್ನೊಂದು ವಿಪರ್ಯಾಸ ನೋಡಿ. ತಾಣಕ್ಕೆ ಸೇರುವಾಗ ಉದ್ದನೆಯ ಕರಾರನ್ನು ಓದದೆಯೇ 'ಒಪ್ಪಿದೆ' ಎಂದು ಒತ್ತುತ್ತೇವೆ. ನಮ್ಮ ಪರವಾಗಿ ಬರೆದ ಕರಾರೊಂದು 1956ರಿಂದಲೂ ಸಂವಿಧಾನದಲ್ಲಿದೆ, ಅದನ್ನೂ ಓದಿಲ್ಲ. 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುತ್ತದೆ. 350ಬಿ ವಿಧಿಯು ಅಲ್ಪಸಂಖ್ಯಾತರಿಗೆ ಕೊಟ್ಟ ರಕ್ಷಣೆಗಳನ್ನು ವಿಚಾರಿಸಲು ವಿಶೇಷಾಧಿಕಾರಿಯೊಬ್ಬನಿರಬೇಕೆನ್ನುತ್ತದೆ. ಬಳಗದಲ್ಲಿ ಇನ್ನೂರು ಜನ ಸೇರುತ್ತೇವೆ; ಊರಿಗೊಂದು ಅರ್ಜಿಗೆ ಇಪ್ಪತ್ತು ತಂದೆತಾಯಿಗಳ ಸಹಿ ಕೂಡಿಸಲು ಏಕೆ ಕೈ ನಡುಗಬೇಕು? ಇದರಲ್ಲಿ ಮರಾಠಿಯ ಮೇಲೆ ಹಗೆ ಇಲ್ಲ. ಮರಾಠಿ ನಮಗೆ ಅನ್ನದ ಭಾಷೆ, ಅಕ್ಕಪಕ್ಕದ ಮನೆಯ ಭಾಷೆ. ಕನ್ನಡ ಮತ್ತು ಮಲಯಾಳ ಲಿಪಿಗಳು ಒಂದೇ ಹೊತ್ತಗೆಯಲ್ಲಿ ಮೈಮುಟ್ಟಿ ಕುಳಿತೂ ಯಾವುದೂ ಇನ್ನೊಂದನ್ನು ಅಳಿಸದೆ ಇರುವುದಕ್ಕೆ ನಿಮ್ಮ ಕೈಯಲ್ಲಿರುವ ಈ ವಾರ್ಷಿಕವೇ ಸಾಕ್ಷಿ.

ಹಾಗಾದರೆ ಹೊಸ ತಾಣ ಬೇಡವೇ? ಇರಲಿ. ಜಗಲಿ ಯಾರದಾದರೂ ಆಗಲಿ, ಕೂತವರು ಏನು ಮಾಡುತ್ತೇವೆಂಬುದು ಮುಖ್ಯ. ನಮ್ಮ ಬಳಗದಲ್ಲಿ ಈಗ ಒಂದು ಕಟ್ಟಳೆ ಮಾಡಿದ್ದೇವೆ. ದಿನಕ್ಕೊಂದು ಕನ್ನಡ ಅಕ್ಷರ, ಅದರ ಕೆಳಗೆ ಮನೆಯಲ್ಲಿ ಆಡುವ ಒಂದು ಮಾತು. ಮಗು ಅದನ್ನು ಕಾಗದದ ಮೇಲೆ ಕೈಯಿಂದ ಬರೆದು ಚಿತ್ರ ತೆಗೆದು ಕಳಿಸಬೇಕು. ಫೋನಿನ ತಾಣ ನಾಳೆ ಮುಚ್ಚಿದರೂ ಕಾಗದ ಮನೆಯಲ್ಲಿರುತ್ತದೆ, ಅಕ್ಷರ ಕೈಯಲ್ಲಿರುತ್ತದೆ. ನಲವತ್ತೊಂಬತ್ತು ಅಕ್ಷರಗಳಿಗೆ ನಲವತ್ತೊಂಬತ್ತು ದಿನ. ಒತ್ತು, ಕಾಗುಣಿತಕ್ಕೆ ಇನ್ನೊಂದಿಷ್ಟು ದಿನ. ಯಾವ ಸರಕಾರದ ಅಪ್ಪಣೆಯೂ ಇದಕ್ಕೆ ಬೇಕಿಲ್ಲ.

ಉದಗೀರಿನ ಆ ಹುಡುಗ ಮೊನ್ನೆ ತನ್ನ ಅವ್ವನ ಹೆಸರನ್ನು ಬರೆದು ಕಳಿಸಿದ್ದಾನೆ. ಒಂದು ಒತ್ತಕ್ಷರ ತಪ್ಪಿದೆ. ತಿದ್ದುವುದಕ್ಕೆ ನಾವಿದ್ದೇವೆ. ಮೆಚ್ಚುಗೆಯ ಗುರುತು ಒತ್ತುವ ಮೊದಲು, ಓದುಗ ಬಂಧುಗಳೇ, ನಿಮ್ಮ ಮನೆಯ ಮಗುವಿನ ಕೈಗೆ ಒಂದು ಪೆನ್ಸಿಲ್ ಕೊಡಿ.