ಕುರಿ-ಮೇಕೆಗಳ ಜಂತುಹುಳು ಬಾಧೆ ತಡೆಗೆ ಹಿಕ್ಕೆ ಪರೀಕ್ಷೆ ಮತ್ತು ಗೋಮಾಳ ರಕ್ಷಣೆ ಕೋರಿ ಮನವಿ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಚಿತ್ರದುರ್ಗ ಜಿಲ್ಲೆ, ಚಿತ್ರದುರ್ಗ
ಮಾನ್ಯ ಉಪನಿರ್ದೇಶಕರು, ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆ, ಚಿತ್ರದುರ್ಗ

ಇಂದ,
ಚಳ್ಳಕೆರೆ ತಾಲ್ಲೂಕಿನ ಹಟ್ಟಿಗಳ ಕುರಿಗಾಹಿಗಳು

ವಿಷಯ: ಜಂತುನಾಶಕ ಔಷಧಿ ವಿತರಣೆಗೆ ಮೊದಲು ಹಿಕ್ಕೆ ಪರೀಕ್ಷೆ ನಡೆಸುವ ಬಗ್ಗೆ, ಔಷಧಿ ನಾಟುತ್ತಿದೆಯೇ ಎಂದು ತಪಾಸಿಸುವ ಬಗ್ಗೆ ಹಾಗೂ ಉಳಿದಿರುವ ಗೋಮಾಳ ಕಾಪಾಡುವ ಬಗ್ಗೆ.

ಮಾನ್ಯರೇ,

ಕುರಿ ಮೇಯಿಸಿಯೇ ಬದುಕುವ ನಾವು ಈ ಮನವಿಯಲ್ಲಿ ಹೆಚ್ಚಿನ ಬಾಟಲಿ ಔಷಧಿ ಕೇಳುತ್ತಿಲ್ಲ. ಯಾವ ಮಂದೆಗೆ, ಯಾವಾಗ, ಯಾವ ಔಷಧಿ ಬೇಕು ಎಂದು ನೋಡಿ ಹೇಳುವ ವ್ಯವಸ್ಥೆ ಕೇಳುತ್ತಿದ್ದೇವೆ.

ಹೋದ ವರ್ಷ ಸ್ವಾತಿ ಮಳೆ ಹೊಳವಾದ ಮೇಲೆ ನಮ್ಮಲ್ಲೊಬ್ಬರ ಮಂದೆಯಲ್ಲಿ ಒಂದೇ ವಾರದಲ್ಲಿ ಏಳು ಮರಿ, ಎರಡು ತಾಯಿಕುರಿ ಸತ್ತವು. ಜ್ವರವಿರಲಿಲ್ಲ, ಭೇದಿಯೂ ಇರಲಿಲ್ಲ. ಮೇಯುತ್ತ ಮೇಯುತ್ತ ಹಿಂದೆ ಬೀಳುತ್ತಿದ್ದವು. ಸಂಜೆ ಹೊತ್ತಿಗೆ ಗದ್ದದ ಕೆಳಗೆ ನೀರು ತುಂಬಿ ಜೋತಾಡುತ್ತಿತ್ತು, ಬೆಳಗಾಗುವಷ್ಟರಲ್ಲಿ ಇಳಿದಿರುತ್ತಿತ್ತು. ಕಣ್ಣಿನ ಕೆಳರೆಪ್ಪೆ ಮಡಚಿದರೆ ಒಳಗೆ ಕೆಂಪೇ ಇಲ್ಲ, ಸುಣ್ಣ ಬಳಿದ ಹಾಗೆ. ಸತ್ತ ಕುರಿಯ ನಾಲ್ಕನೇ ಹೊಟ್ಟೆ ಸೀಳಿ ನೋಡಿದೆವು. ಕೆಂಪು ನೂಲಿಗೆ ಬಿಳಿ ನೂಲು ಸುತ್ತಿ ಹೊಸೆದಂಥ, ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಹುಳುಗಳು ಒತ್ತೊತ್ತಾಗಿ ಹೊರಳಾಡುತ್ತಿದ್ದವು. ಆ ಮಂದೆಗೆ ಅಂಗಡಿಯಿಂದ ತಂದ ಜಂತಿನ ಔಷಧಿ ಕುಡಿಸಿ ಹನ್ನೆರಡು ದಿನವಷ್ಟೇ ಆಗಿತ್ತು. ಹೊಟ್ಟೆ ಸೇರಿದ ಮರಿಹುಳು ಬಲಿತು ಮೊಟ್ಟೆ ಇಡಲು ಸುಮಾರು ಮೂರು ವಾರ ಬೇಕು. ಹನ್ನೆರಡನೇ ದಿನ ಕಂಡ ಬಲಿತ ಹುಳುಗಳು ಹೊಸದಾಗಿ ಬಂದವಲ್ಲ, ಔಷಧಿಗೂ ಸಾಯದೆ ಉಳಿದವು. ಆ ದಿನದಿಂದ ನಮಗೆ ನಿದ್ದೆಯಿಲ್ಲ.

ಈ ಹುಳುವಿನ ಹೆಸರು ಹೀಮಾಂಕಸ್ ಕಾಂಟಾರ್ಟಸ್ ಎಂದು ಪಶುವೈದ್ಯರು ಹೇಳುತ್ತಾರೆ. ಒಂದು ಹುಳು ದಿನಕ್ಕೆ ಹೀರುವುದು ಸುಮಾರು 0.05 ಮಿಲಿಲೀಟರ್ ರಕ್ತ. ಕೇಳಲಿಕ್ಕೆ ಏನೂ ಅಲ್ಲ ಅನ್ನಿಸುತ್ತದೆ. 5,000 ಹುಳು ಸೇರಿದರೆ ಒಂದು ಕುರಿ ದಿನಕ್ಕೆ ಕಾಲು ಲೀಟರ್ ರಕ್ತ ಕಳೆದುಕೊಳ್ಳುತ್ತದೆ. ಒಂದು ಹೆಣ್ಣುಹುಳು ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುತ್ತದೆ. ಅವು ಹಿಕ್ಕೆಯೊಡನೆ ನೆಲಕ್ಕೆ ಬಿದ್ದು, ಬಿಸಿಲು ಮತ್ತು ತೇವ ಹದವಾಗಿದ್ದರೆ ಒಂದು ವಾರದೊಳಗೆ ರೋಗ ತಗಲಿಸುವ ಮರಿಗಳಾಗಿ ಇಬ್ಬನಿಯ ಹನಿಯಲ್ಲಿ ಹುಲ್ಲಿನ ಎಸಳು ಹತ್ತುತ್ತವೆ. ಹತ್ತುವುದೂ ತೀರ ಎತ್ತರಕ್ಕಲ್ಲ, ಹೆಚ್ಚಿನವು ನೆಲದಿಂದ ಎರಡು ಅಂಗುಲದೊಳಗೇ ಇರುತ್ತವೆ. ಹುಲ್ಲು ಮೊಣಕಾಲುದ್ದ ಇದ್ದಾಗ ಕುರಿ ತುದಿ ಮೇಯ್ದು ಮುಂದೆ ಹೋಗುತ್ತದೆ. ಬುಡ ಬಿಟ್ಟು ಬೇರೇನೂ ಉಳಿಯದ ನೆಲದಲ್ಲಿ ಹುಲ್ಲಿನ ಜತೆ ಹುಳುವನ್ನೇ ಮೇಯುತ್ತದೆ.

ಆದ್ದರಿಂದ ಈ ಮನವಿ ಕಂದಾಯ ಇಲಾಖೆಗೂ ಸಂಬಂಧಪಟ್ಟದ್ದು. ನಮ್ಮ ಹಿರಿಯರು ಒಂದು ಕಾವಲು ಬಿಟ್ಟು ಇನ್ನೊಂದಕ್ಕೆ ಮಂದೆ ಹೊಡೆಯುತ್ತಿದ್ದರು. ತಿರುಗಿ ಬರುವ ಹೊತ್ತಿಗೆ ಬೇಸಿಗೆಯ ಬಿಸಿಲು ಆ ನೆಲವನ್ನು ಸುಟ್ಟು ಶುದ್ಧ ಮಾಡಿರುತ್ತಿತ್ತು. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ಸುಮಾರು 10,000 ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಗಿ ಹತ್ತು ವರ್ಷದ ಮೇಲಾಯಿತು. ಅಲ್ಲಿ ಗೋಡೆ ಎದ್ದ ಮೇಲೆ ಅಷ್ಟೇ ಕುರಿ ಉಳಿದ ಚೂರುಪಾರು ನೆಲದಲ್ಲಿ ತಿರುತಿರುಗಿ ಮೇಯುತ್ತಿವೆ. ನೂರು ಜಾನುವಾರಿಗೆ 30 ಎಕರೆ ಗೋಮಾಳ ಇರಬೇಕೆಂಬ ಮಾತು ಕರ್ನಾಟಕ ಭೂಕಂದಾಯ ನಿಯಮಗಳು, 1966ರಲ್ಲಿದೆ. ಗ್ರಾಮದ ಸಾಮೂಹಿಕ ಜಾಗಗಳ ಒತ್ತುವರಿ ತೆರವು ಮಾಡಬೇಕೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ತಾಲ್ಲೂಕಿನ ಪ್ರತಿ ಗೋಮಾಳದ ಸರ್ವೆ ನಡೆಸಿ ಕಲ್ಲು ನೆಡಿಸಬೇಕು, ಒತ್ತುವರಿ ತೆರವುಗೊಳಿಸಬೇಕು. ಇನ್ನು ಮುಂದೆ ಯಾವುದೇ ಗೋಮಾಳವನ್ನು ಬೇರೆ ಉದ್ದೇಶಕ್ಕೆ ಕೊಡುವ ಮೊದಲು ಆ ಊರಿನ ಕುರಿ-ಮೇಕೆಗಳ ಲೆಕ್ಕ ಹಿಡಿದು ಪಶುಪಾಲನಾ ಇಲಾಖೆಯ ಲಿಖಿತ ಅಭಿಪ್ರಾಯ ಪಡೆಯಬೇಕು.

ಇನ್ನು ಔಷಧಿಯ ಮಾತು. ಥಯಾಬೆಂಡಜೋಲ್ ಎಂಬ ಜಂತುನಾಶಕ 1961ರಲ್ಲಿ ಬಂತು, 1964ಕ್ಕೇ ಅದಕ್ಕೆ ಬಗ್ಗದ ಹುಳು ಕಾಣಿಸಿತು. ಅದೇ ಕುಲದ ಅಲ್ಬೆಂಡಜೋಲ್, ಫೆನ್‌ಬೆಂಡಜೋಲ್‌ಗಳನ್ನು ನಾವು ವರ್ಷಾನುಗಟ್ಟಲೆ ಕುಡಿಸುತ್ತ ಬಂದಿದ್ದೇವೆ. ಒಂದು ನಾಟದಿದ್ದರೆ ಇನ್ನೊಂದು ಕಂಪನಿಯ ಬಾಟಲಿ ತರುತ್ತೇವೆ. ಚೀಟಿ ಬೇರೆ, ಬಣ್ಣ ಬೇರೆ, ಒಳಗಿನದು ಒಂದೇ ಕುಲದ್ದು ಎಂದು ನಮಗೆ ಯಾರೂ ಹೇಳಿರಲಿಲ್ಲ. ಕುರಿಯ ತೂಕವನ್ನು ಕಣ್ಣಂದಾಜಿನಲ್ಲಿ ಹಿಡಿದು ಗೊಟ್ಟದಲ್ಲಿ ಹಾಕುವುದರಿಂದ ದೊಡ್ಡ ಟಗರಿಗೆ ಸಾಲದಷ್ಟು ಬೀಳುತ್ತದೆ. ಅರೆಬರೆ ಔಷಧಿ ಕುಡಿದು ಬದುಕಿದ ಹುಳುವಿನ ಸಂತಾನವೇ ಮುಂದೆ ಬೆಳೆಯುತ್ತದೆ. ಸಂತೆಯಲ್ಲಿ ಕೊಂಡು ತಂದ ಟಗರಿನ ಹೊಟ್ಟೆಯಲ್ಲಿ ಇಂಥ ಹುಳು ನಮ್ಮ ಹಟ್ಟಿಗೂ ಬರುತ್ತದೆ.

ಹೀಗಾಗಿ ನಮ್ಮ ಮುಖ್ಯ ಬೇಡಿಕೆ ಹಿಕ್ಕೆ ಪರೀಕ್ಷೆ. ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಡ. ಒಂದು ಸಾಮಾನ್ಯ ಸೂಕ್ಷ್ಮದರ್ಶಕ, ಒಂದು ಮ್ಯಾಕ್‌ಮಾಸ್ಟರ್ ಸ್ಲೈಡ್, ಗಟ್ಟಿ ಉಪ್ಪಿನ ನೀರು ಇದ್ದರೆ ಸಾಕು, ಮೊಟ್ಟೆ ಮೇಲೆ ತೇಲುತ್ತದೆ, ಎಣಿಸಬಹುದು. ಪ್ರತಿ ಹೋಬಳಿಯ ಪಶು ಆಸ್ಪತ್ರೆಗೂ, 1962ಕ್ಕೆ ಕರೆ ಮಾಡಿದಾಗ ಬರುವ ಸಂಚಾರಿ ವಾಹನಕ್ಕೂ ಈ ಸಲಕರಣೆ ಕೊಡಿ. ಕುಡಿಸುವ ದಿನ ಒಮ್ಮೆ, ಎರಡು ವಾರ ಬಿಟ್ಟು ಒಮ್ಮೆ ಎಣಿಸಿ. ಮೊಟ್ಟೆ ಶೇ 95ರಷ್ಟಾದರೂ ಇಳಿಯದಿದ್ದರೆ ಆ ಮಂದೆಯಲ್ಲಿ ಆ ಔಷಧಿ ಸೋತಿದೆ ಎಂದು ಶಂಕಿಸಬೇಕು. ಯಾವ ಹೋಬಳಿಯಲ್ಲಿ ಯಾವ ಔಷಧಿ ಕುಲ ಕೆಲಸ ಮಾಡುತ್ತಿದೆ ಎಂಬುದನ್ನು ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯಿತಿಯಲ್ಲಿ ಅಂಟಿಸಿ, ಇಲಾಖೆಯ ಖರೀದಿಯೂ ಅದನ್ನು ನೋಡಿಯೇ ಆಗಲಿ. ಇದರ ಜತೆಗೆ, ಕುರಿಯ ತೂಕ ನೋಡಿ ಔಷಧಿ ಹಾಕಲು ಹೋಬಳಿಗೊಂದು ತೂಗುತಕ್ಕಡಿ ಬೇಕು.

ಕಣ್ಣಿನ ರೆಪ್ಪೆಯ ಬಣ್ಣ ನೋಡಿ ರಕ್ತಹೀನತೆ ಅಳೆಯುವ ಫಮಾಚಾ ಎಂಬ ಚೀಟಿ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ್ದು. ಕಡುಗೆಂಪಿನಿಂದ ಬಿಳಿಯವರೆಗೆ ಐದು ಬಣ್ಣ, ಅಷ್ಟೇ. ಓದು ಬಾರದ ಕುರಿಗಾಹಿಯೂ ಅದನ್ನು ಬಳಸಬಲ್ಲ. ಆ ಚೀಟಿ ಮತ್ತು ತರಬೇತಿಯನ್ನು ಹಟ್ಟಿಗೇ ಬಂದು ಕೊಡಬೇಕೆಂದು ಕೋರುತ್ತೇವೆ. ಬಿಳಿಚಿದ ಕುರಿಗೆ ಮಾತ್ರ ಕುಡಿಸಿ, ಗಟ್ಟಿಮುಟ್ಟಾದವನ್ನು ಬಿಡಬೇಕು ಎಂಬ ಮಾತು ನಮ್ಮವರಿಗೆ ಮೊದಲು ಒಪ್ಪಿಗೆಯಾಗಲಿಲ್ಲ. ಔಷಧಿ ಕಾಣದ ಹುಳುವಿನ ಸಂತಾನ ನೆಲದಲ್ಲಿ ಒಂದಿಷ್ಟು ಉಳಿದರೆ, ಔಷಧಿಗೆ ಬಗ್ಗದ ಹುಳುವಿನ ಸಂತಾನ ಅದರೊಳಗೆ ಬೆರೆತು ತೆಳುವಾಗುತ್ತದೆ ಎಂದು ವೈದ್ಯರೊಬ್ಬರು ಬಿಡಿಸಿ ಹೇಳಿದ ಮೇಲೆ ಒಪ್ಪಿದೆವು. ಇಡೀ ಮಂದೆಗೆ ಕುಡಿಸಿ ಅದೇ ದಿನ ಶೇಂಗಾ ಕಿತ್ತ ಹೊಸ ಹೊಲಕ್ಕೆ ಹೊಡೆಯುವುದು ನಮ್ಮ ರೂಢಿ. ಹಾಗೆ ಮಾಡಿದಾಗ ಆ ಹೊಲದಲ್ಲಿ ಬೀಳುವುದು ಔಷಧಿ ಗೆದ್ದ ಹುಳುವಿನ ಮೊಟ್ಟೆ ಮಾತ್ರ. ಇದನ್ನು ತಿಳಿಸಿ ಹೇಳುವ ಜನ ಬೇಕು.

ಔಷಧಿ ಹಂಚುವ ದಿನಾಂಕ ಮಳೆ ನೋಡಿ ಗೊತ್ತಾಗಲಿ. ನಮ್ಮ ಸೀಮೆಯಲ್ಲಿ ಹುಬ್ಬೆಯಿಂದ ಚಿತ್ತೆಯವರೆಗಿನ ಮಳೆಯೇ ದೊಡ್ಡದು, ಹುಳುವಿನ ಸುಗ್ಗಿಯೂ ಆಗಲೇ. ಭದ್ರಾ ಅಚ್ಚುಕಟ್ಟಿನ ಗದ್ದೆಬಯಲಿಗೆ ವಲಸೆ ಹೋಗುವ ಮಂದೆಗಳ ಪಾಡು ಬೇರೆ. ಅಲ್ಲಿ ಬಸವನಹುಳುವಿನ ಮೂಲಕ ಚಪ್ಪಟೆ ಹುಳು ತಗಲುತ್ತದೆ, ಅದಕ್ಕೆ ಐವರ್‌ಮೆಕ್ಟಿನ್ ಎಂಬ ಜಂತುನಾಶಕ ನಾಟುವುದಿಲ್ಲ. ವಲಸೆಯಿಂದ ಮರಳಿದ ಮಂದೆಗಳ ಹಿಕ್ಕೆಯನ್ನು ಪ್ರತ್ಯೇಕವಾಗಿ ಪರೀಕ್ಷಿಸಿ ತಕ್ಕ ಔಷಧಿ ಕೊಡಬೇಕು.

ಕೊನೆಯದು, ಖರ್ಚಿಲ್ಲದ ಬೇಡಿಕೆ. ಅನುಗ್ರಹ ಯೋಜನೆಯ ಪರಿಹಾರಕ್ಕಾಗಿ ಸತ್ತ ಕುರಿಯ ಮರಣೋತ್ತರ ಪರೀಕ್ಷೆ ಹೇಗೂ ನಡೆಯುತ್ತದೆ. ಆ ವರದಿಯಲ್ಲಿ ನಾಲ್ಕನೇ ಹೊಟ್ಟೆ ತೆರೆದು ಹುಳು ನೋಡಲಾಯಿತೇ, ಎಷ್ಟಿದ್ದವು, ಕಡೆಯ ಬಾರಿ ಯಾವ ಔಷಧಿ ಕುಡಿಸಿತ್ತು ಎಂಬ ಮೂರು ಸಾಲು ಸೇರಿಸಿ. 2019ರ ಜಾನುವಾರು ಗಣತಿಯಲ್ಲಿ ರಾಜ್ಯದ ಕುರಿ ಒಂದು ಕೋಟಿ ಹತ್ತು ಲಕ್ಷ ದಾಟಿದೆ. ಅವುಗಳಲ್ಲಿ ಎಷ್ಟು ಹುಳುವಿನಿಂದ ಸಾಯುತ್ತವೆ ಎಂಬ ಲೆಕ್ಕ ಆ ಮೂರು ಸಾಲಿನಿಂದಲೇ ಶುರುವಾಗಲಿ.

ಈ ಮನವಿಯ ಜತೆ ಹನ್ನೆರಡು ಮಂದೆಗಳ ಹಿಕ್ಕೆ ತಂದಿದ್ದೇವೆ. ಇಂದು ಬೆಳಗಿನ ಜಾವ ನೆಲಕ್ಕೆ ಬೀಳಿಸದೆ ಕೈಯಲ್ಲೇ ಹಿಡಿದು, ಗಾಳಿಯಾಡದಂತೆ ಕಟ್ಟಿ, ಮಂದೆಯ ಯಜಮಾನನ ಹೆಸರು ಮತ್ತು ಹಿಂದೆ ಕುಡಿಸಿದ ಔಷಧಿಯ ಹೆಸರು ಬರೆದು ತಂಪು ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ತಡವಾದರೆ ಮೊಟ್ಟೆ ಒಡೆದು ಎಣಿಕೆಗೆ ಸಿಗುವುದಿಲ್ಲ. ದಯಮಾಡಿ ಇಂದೇ ಪರೀಕ್ಷೆಗೆ ಕಳುಹಿಸಬೇಕಾಗಿ ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಚಳ್ಳಕೆರೆ ತಾಲ್ಲೂಕಿನ ಹಟ್ಟಿಗಳ ಕುರಿಗಾಹಿಗಳು
(ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳ ಪಟ್ಟಿ ಲಗತ್ತಿಸಿದೆ)