ನಾನು ಪಿ.ಟಿ. ಟೀಚರ್ ಯಾಕೆ ಆಗಬೇಕು?



ಮೊನ್ನೆ ಕ್ಲಾಸಿನಲ್ಲಿ ಟೀಚರ್ "ಮುಂದೆ ನೀವು ಏನಾಗ್ತೀರಿ?" ಎಂದು ಕೇಳಿದರು. ಡಾಕ್ಟರ್, ಪೊಲೀಸ್, ಮಿಲಿಟರಿ ಎಂದು ಎಲ್ಲರೂ ಹೇಳಿದರು. ನಾನು ಎದ್ದು "ಪಿ.ಟಿ. ಟೀಚರ್" ಎಂದೆ. ಇಡೀ ಕ್ಲಾಸು ನಕ್ಕಿತು. ಹಿಂದಿನ ಬೆಂಚಿನಿಂದ ಒಬ್ಬ "ವಿಸಿಲ್ ಊದಲಿಕ್ಕೆ ಎಂತ ಓದಲಿಕ್ಕೆ ಉಂಟು?" ಎಂದು ಕೇಳಿದ. ಆಗ ನನಗೆ ಉತ್ತರ ಬರಲಿಲ್ಲ, ಅಳು ಬಂತು. ಆದ್ದರಿಂದ ಈಗ ಬರೆದು ಹೇಳುತ್ತಿದ್ದೇನೆ.

ಮೊದಲೇ ಒಂದು ಸತ್ಯ ಹೇಳಿಬಿಡುತ್ತೇನೆ. ನಾನು ಓಟದಲ್ಲಿ ಒಮ್ಮೆಯೂ ಫಸ್ಟ್ ಬಂದವಳಲ್ಲ. ನನ್ನ ಅಪ್ಪ ಅಡಿಕೆ ಮರ ಹತ್ತುವವರು. ಒಂದು ಮರದ ತುದಿಯಿಂದ ಬಗ್ಗಿ ಇನ್ನೊಂದು ಮರವನ್ನು ಹಿಡಿದು ದಾಟುತ್ತಾರೆ. ಅಮ್ಮ ಬೀಡಿ ಕಟ್ಟುತ್ತಾರೆ. ನಾನು ಗುಡ್ಡೆ ಇಳಿದು, ತೋಟ ದಾಟಿ, ಕಾಲುಸಂಕದ ಮೇಲೆ ನಡೆದು ಶಾಲೆಗೆ ಬರುತ್ತೇನೆ. ಮೈ ಹೇಗೆ ಬಾಗುತ್ತದೆ, ಕಾಲು ಹೇಗೆ ನಿಲ್ಲುತ್ತದೆ ಎಂದು ನೋಡುವುದು ನನಗೆ ಸಣ್ಣದಿರುವಾಗಲೇ ಅಭ್ಯಾಸ ಆಗಿದೆ.

ಕಳೆದ ವರ್ಷ ಆಗಸ್ಟ್ ತಿಂಗಳಲ್ಲಿ ವಲಯ ಮಟ್ಟದ ಕ್ರೀಡಾಕೂಟಕ್ಕೆ ನಾವು ಖೋಖೋ ಅಭ್ಯಾಸ ಮಾಡುತ್ತಿದ್ದೆವು. ಮಳೆ ಬಿಟ್ಟು ಎರಡೇ ದಿನ ಆಗಿತ್ತು. ಗ್ರೌಂಡಿನಲ್ಲಿ ಪಾಚಿ ಇತ್ತು. ತಿರುಗುವಾಗ ಜಾರಿ ನನ್ನ ಕಾಲು ಉಳುಕಿತು. ಎಲ್ಲರೂ ಓಡಿ ಬಂದರು. ಒಬ್ಬರು ಕಾಲು ಎಳೆದರು, ಒಬ್ಬರು ಬಿಸಿ ಎಣ್ಣೆ ಹಾಕಿ ತಿಕ್ಕಿದರು. ರಾತ್ರಿಯಾಗುವಾಗ ಕಾಲು ತೊಂಡೆಕಾಯಿ ಹೋಗಿ ಸೋರೆಕಾಯಿ ಆಯಿತು. ಮರುದಿನ ಅಪ್ಪ ನನ್ನನ್ನು ಬೆನ್ನ ಮೇಲೆ ಹೊತ್ತು ಸಂಕ ದಾಟಿಸಿ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಉಳುಕಿದ ಕೂಡಲೇ ಎಳೆಯಬಾರದು, ತಿಕ್ಕಬಾರದು, ತಣ್ಣಗಿನ ಬಟ್ಟೆ ಇಟ್ಟು ಕಾಲು ಎತ್ತರದಲ್ಲಿ ಇಡಬೇಕು ಎಂದು ಅವರು ಹೇಳಿದರು. ಮೂರು ವಾರ ನನಗೆ ಶಾಲೆ ತಪ್ಪಿತು. ಅಪ್ಪನಿಗೂ ಒಂದೆರಡು ದಿನದ ಕೆಲಸ ತಪ್ಪಿತು.

ಎಳೆದವರದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಅವರು ಪ್ರೀತಿಯಿಂದಲೇ ಮಾಡಿದ್ದು. ಆದರೆ ಗೊತ್ತಿದ್ದವರು ಒಬ್ಬರು ಅಲ್ಲಿ ಇರಬೇಕಿತ್ತು.

ಆ ಮೂರು ವಾರ ನಮ್ಮ ಮೇಲಿನ ಮನೆಯ ಅಕ್ಕ ರಜೆಯಲ್ಲಿ ಊರಿಗೆ ಬಂದಿದ್ದರು. ಅವರು ಇದೇ ಶಾಲೆಯಲ್ಲಿ ಕಲಿತವರು, ಈಗ ಬಿ.ಪಿ.ಎಡ್. ಓದುತ್ತಿದ್ದಾರೆ. ಅವರ ಅಪ್ಪ ರಬ್ಬರ್ ಟ್ಯಾಪಿಂಗ್ ಮಾಡುವವರು. ಅಕ್ಕನೂ ಬೆಳಿಗ್ಗೆ ಕತ್ತಲೆಗೇ ಎದ್ದು ಅವರೊಟ್ಟಿಗೆ ಹಾಲು ತೆಗೆದು ಮತ್ತೆ ಶಾಲೆಗೆ ಬರುತ್ತಿದ್ದರಂತೆ. ಡಿಗ್ರಿ ಮುಗಿದ ಮೇಲೆ ಎರಡು ವರ್ಷ ಬಿ.ಪಿ.ಎಡ್. ಓದಬೇಕು. ಅದರಲ್ಲಿ ಎಲುಬು, ಸ್ನಾಯು, ಹೃದಯದ ಪಾಠ ಉಂಟು. ಅಂಕಣ ಎಳೆಯುವುದು, ತೀರ್ಪು ಕೊಡುವುದು, ಮಕ್ಕಳಿಗೆ ಕಲಿಸುವುದು ಎಲ್ಲ ಉಂಟು. ಗಣಿತ ಕೂಡ ಉಂಟು! 400 ಮೀಟರ್ ಓಟದಲ್ಲಿ ಎಲ್ಲರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿದರೆ ಹೊರಗಿನವರಿಗೆ ಮೋಸ ಆಗುತ್ತದೆ. ಲೇನಿನ ಅಗಲ 1.22 ಮೀಟರ್ ಇದ್ದರೆ ಎರಡನೇ ಲೇನಿನವರನ್ನು 7.04 ಮೀಟರ್ ಮುಂದೆ ನಿಲ್ಲಿಸಬೇಕು. ವೃತ್ತದ ಪರಿಧಿ ಗೊತ್ತಿಲ್ಲದಿದ್ದರೆ ನ್ಯಾಯವಾದ ಓಟ ಓಡಿಸಲಿಕ್ಕೆ ಸಾಧ್ಯವೇ ಇಲ್ಲ. ಹಿಂದಿನ ಬೆಂಚಿನವರು ಇದನ್ನು ಓದಬೇಕು!

ಅಕ್ಕ ಇನ್ನೊಂದು ವಿಷಯ ಹೇಳಿದರು. ಅದನ್ನು ನಾನು ಮರೆಯುವುದಿಲ್ಲ. ಅವರು ಮೊದಲ ಸಲ ಒಂದು ಶಾಲೆಗೆ ಪಾಠ ಮಾಡಲಿಕ್ಕೆ ಹೋದಾಗ ಮಕ್ಕಳನ್ನು ಚೆನ್ನಾಗಿ ಓಡಿಸಿದರಂತೆ. ಮುಗಿದ ಮೇಲೆ ಅವರ ಗುರುಗಳು "ಓಡಿದವರನ್ನು ನೀನು ನೋಡಿದೆ. ಮರದ ಕೆಳಗೆ ಕೂತವರು ಯಾರು?" ಎಂದು ಕೇಳಿದರಂತೆ. ಅಕ್ಕನಿಗೆ ಒಬ್ಬರ ಹೆಸರೂ ಗೊತ್ತಿರಲಿಲ್ಲ.

ನಮ್ಮ ಗ್ರೌಂಡಿನ ಹಲಸಿನ ಮರದ ಕೆಳಗೆ ಕೂರುವವರು ಯಾರೆಂದು ನನಗೆ ಗೊತ್ತು. ಕಾಲು ಉಳುಕಿದ ಮೇಲೆ ನಾನೂ ಅಲ್ಲಿಯೇ ಕೂತಿದ್ದೆ. ಒಬ್ಬನಿಗೆ ದಮ್ಮು ಕಟ್ಟುತ್ತದೆ. ಒಬ್ಬಳು ದಪ್ಪ ಇದ್ದಾಳೆ ಎಂದು ಯಾವ ತಂಡದವರೂ ಕರೆಯುವುದಿಲ್ಲ. ನಾವು ಹುಡುಗಿಯರು ಕೆಲವು ದಿನ "ಹೊಟ್ಟೆನೋವು" ಎಂದು ಕೂರುತ್ತೇವೆ. ಯಾಕೆಂದು ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಇವರನ್ನೆಲ್ಲ ಗಮನಿಸಿ, ಅವರವರ ಶಕ್ತಿಗೆ ತಕ್ಕ ಆಟ ಹೇಳಿಕೊಡುವವರೇ ನಿಜವಾದ ಪಿ.ಟಿ. ಟೀಚರ್ ಎಂಬುದು ನನ್ನ ಅಭಿಪ್ರಾಯ.

ನೋಡುವ ಕಣ್ಣು ಒಂದಿದ್ದರೆ ಎಷ್ಟು ದೊಡ್ಡ ಕೆಲಸ ಆಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮ ಹತ್ತಿರವೇ ಉಂಟು. ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರ ತಂದೆ ಪಿಕ್‌ಅಪ್ ಡ್ರೈವರ್. ಗುರುರಾಜ ಅವರಿಗೆ ಮೊದಲು ಆಸೆ ಇದ್ದದ್ದು ಕುಸ್ತಿಯಲ್ಲಿ. ಉಜಿರೆಯ ಕಾಲೇಜಿಗೆ ಬಂದ ಮೇಲೆ ಅಲ್ಲಿನ ತರಬೇತುದಾರರು ಅವರನ್ನು ಭಾರ ಎತ್ತುವ ಆಟಕ್ಕೆ ಸೇರಿಸಿದರು. ಅವರು 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರಲ್ಲಿ ಕಂಚು ಗೆದ್ದರು. ಪೇಪರಿನಲ್ಲಿ ಪದಕದ ಫೋಟೋ ದೊಡ್ಡದಾಗಿ ಬರುತ್ತದೆ. ಮೊದಲು ಗುರುತಿಸಿದವರು ಎಷ್ಟು ಮಂದಿಗೆ ನೆನಪಿರುತ್ತಾರೆ?

ನಮ್ಮ ಊರಿನವರಿಗೆ ಇದು ಹೊಸ ವಿಷಯ ಅಲ್ಲ. ಕೋಟಿ ಚೆನ್ನಯರು ಹುಟ್ಟಿದ್ದು ಪುತ್ತೂರು ಕಡೆಯ ಪಡುಮಲೆಯಲ್ಲಿ, ಮಡಿದದ್ದು ಸುಳ್ಯ ಕಡೆಯ ಎಣ್ಮೂರಿನಲ್ಲಿ ಎಂದು ಅಜ್ಜಿ ಹೇಳುತ್ತಾರೆ. ಅವರ ಹೆಸರಿನಲ್ಲಿ ಊರೂರಲ್ಲಿ ಗರಡಿಗಳು ಉಂಟು. ಹಿಂದೆ ಗರಡಿಯಲ್ಲಿ ಮೈ ಪಳಗಿಸುವುದಕ್ಕೆ 'ವಿದ್ಯೆ' ಎನ್ನುತ್ತಿದ್ದರಂತೆ. ಈಗ ನಾವು ಅದನ್ನೇ 'ಬರೀ ಆಟ' ಎನ್ನುತ್ತೇವೆ.

ಈಗ ಹೇಳುವುದಕ್ಕೆ ಗುರುಗಳು ಬೇಸರ ಮಾಡಬಾರದು. ನಮಗೆ ಶುಕ್ರವಾರ ಕೊನೆಯ ಪೀರಿಯಡ್ ಪಿ.ಟಿ. ಜೂನ್‌ನಿಂದ ದೀಪಾವಳಿಯ ತನಕ ನಾನು ನೋಟ್ ಪುಸ್ತಕದ ಹಿಂದೆ ಗೆರೆ ಹಾಕಿ ಲೆಕ್ಕ ಇಟ್ಟೆ. ಒಟ್ಟು 15 ಶುಕ್ರವಾರಗಳಲ್ಲಿ ಮಳೆಗೆ ಹೋದದ್ದು 5, ಗಣಿತಕ್ಕೆ ಹೋದದ್ದು 6. ನಮಗೆ ಸಿಕ್ಕಿದ್ದು 4. ಇರುವ ಮೂರು ಟೀಚರುಗಳು ಏಳು ತರಗತಿ ನೋಡಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ಪಾಠ ಮುಗಿಸಬೇಕು. ಅದು ನಮಗೆ ಗೊತ್ತುಂಟು. ಆದರೂ ಪಿ.ಟಿ. ಪೀರಿಯಡ್‌ನಲ್ಲಿ ಗಣಿತ ಮಾಡಬಹುದಾದರೆ ಗಣಿತದ ಪೀರಿಯಡ್‌ನಲ್ಲಿ ಒಮ್ಮೆಯೂ ಪಿ.ಟಿ. ಯಾಕೆ ಬರುವುದಿಲ್ಲ?

ಸಮಾಜದ ಪಾಠದಲ್ಲಿ ಹೆಡ್ ಮಾಷ್ಟ್ರು 2009ರ ಶಿಕ್ಷಣ ಹಕ್ಕು ಕಾಯ್ದೆಯ ಬಗ್ಗೆ ಹೇಳಿದ್ದರು. ಶಾಲೆಗೆ ಆಟದ ಮೈದಾನ ಬೇಕು ಎಂದು ಅದರಲ್ಲಿ ಉಂಟು. 6ರಿಂದ 8ನೇ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಬೇಕು ಎಂದೂ ಉಂಟು. ನಾವು ಇಡೀ ಶಾಲೆಗೆ 71 ಮಕ್ಕಳು. ಹಾಗಾದರೆ 71 ಮಕ್ಕಳ ಶಾಲೆಯಲ್ಲಿ ಕಾಲು ಉಳುಕುವುದಿಲ್ಲವೇ? ಪುತ್ತೂರು, ಸುಳ್ಯ, ಕಡಬ ಮೂರೂ ಕಡೆ ಗುಡ್ಡೆಯ ಬದಿಯಲ್ಲಿ ನಮ್ಮಂತಹ ಸಣ್ಣ ಶಾಲೆಗಳು ಉಂಟು. ಹತ್ತಿರದ ನಾಲ್ಕೈದು ಶಾಲೆಗಳಿಗೆ ಸೇರಿಸಿ ಒಬ್ಬರನ್ನು ಕೊಟ್ಟು, ದಿನಕ್ಕೊಂದು ಶಾಲೆಗೆ ಬಂದರೂ ಸಾಕು.

ಅಲ್ಲಿಯವರೆಗೆ ನಮ್ಮ ಶಾಲೆಯಲ್ಲೇ ಮೂರು ಕೆಲಸ ಮಾಡಬಹುದು. ಒಂದು, ಶುಕ್ರವಾರದ ಪಿ.ಟಿ. ನಮಗೇ ಇರಲಿ. ಮಳೆ ಬಂದರೆ ಜಗಲಿಯಲ್ಲಿ ಯೋಗ ಮಾಡೋಣ. ಎರಡು, ಆಟದ ದಿನ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಆಫೀಸಿನ ಕಪಾಟಿನಲ್ಲಿ ಬೇಡ, ಗ್ರೌಂಡಿನಲ್ಲಿ ಇರಲಿ. ಮೂರು, ಇದು ನನ್ನ ಸ್ನೇಹಿತರಿಗೆ: ತಂಡ ಮಾಡುವಾಗ ಮೊದಲು ಮರದ ಕೆಳಗೆ ಕೂತವರನ್ನು ಕರೆಯಿರಿ.

ನಾನು ಪಿ.ಟಿ. ಟೀಚರ್ ಆಗುತ್ತೇನೋ ಇಲ್ಲವೋ ದೇವರಿಗೆ ಗೊತ್ತು. ಹೈಸ್ಕೂಲು, ಪಿ.ಯು.ಸಿ., ಡಿಗ್ರಿ ಎಲ್ಲ ದಾಟಬೇಕು, ಬಸ್ಸಿನ ಹಣವೂ ಬೇಕು. ಅಮ್ಮ "ಮೊದಲು ಏಳನೇ ಕ್ಲಾಸು ಪಾಸಾಗು" ಎನ್ನುತ್ತಾರೆ. ಅಪ್ಪ ಏನೂ ಹೇಳಲಿಲ್ಲ. ಆದರೆ ಮೊನ್ನೆ ತೋಟದಿಂದ ಬಂದವರು ಅಕ್ಕ ಹೇಳಿಕೊಟ್ಟ ಸೊಂಟದ ವ್ಯಾಯಾಮವನ್ನು "ನನಗೊಮ್ಮೆ ತೋರಿಸು ಮಗಾ" ಎಂದರು. ನಾನು ತೋರಿಸಿದೆ. ಅಪ್ಪನೇ ನನ್ನ ಮೊದಲ ವಿದ್ಯಾರ್ಥಿ.

ತಪ್ಪು ಬರೆದಿದ್ದರೆ ಕ್ಷಮಿಸಿ. ಶುಕ್ರವಾರ ಗ್ರೌಂಡಿನಲ್ಲಿ ಸಿಗೋಣ.

– ಏಳನೇ ತರಗತಿಯ ಒಬ್ಬ ವಿದ್ಯಾರ್ಥಿನಿ