ಭಿನ್ನಮತವಿಲ್ಲದ ವಿಶ್ವಕೋಶ

ವಿಕಿಪೀಡಿಯದ ಲೇಖನವೊಂದನ್ನು ತೆರೆದ ವಿದ್ಯಾರ್ಥಿ ಸಾಮಾನ್ಯವಾಗಿ ಕಣ್ಣೆದುರಿನ ಪುಟವನ್ನಷ್ಟೇ ಓದಿ, ಬೇಕಾದುದನ್ನು ಟಿಪ್ಪಣಿ ಮಾಡಿಕೊಂಡು ಮುಂದೆ ಹೋಗುತ್ತಾನೆ. ಅದೇ ಪುಟದ ನೆತ್ತಿಯ ಮೇಲಿರುವ ಇನ್ನೆರಡು ಬಾಗಿಲುಗಳನ್ನು ತಟ್ಟುವವರು ವಿರಳ. ‘ಚರ್ಚೆ’ ಎಂಬುದು ಮೊದಲನೆಯದು, ‘ಇತಿಹಾಸ’ ಎಂಬುದು ಎರಡನೆಯದು. ಮೊದಲನೆಯದರಲ್ಲಿ ಸಂಪಾದಕರು ಪರಸ್ಪರ ವಾದಿಸಿದ ಮಾತುಗಳಿವೆ. ಎರಡನೆಯದರಲ್ಲಿ ಲೇಖನ ಹುಟ್ಟಿದ ದಿನದಿಂದ ಈ ಕ್ಷಣದವರೆಗೆ ಯಾರು ಯಾವ ವಾಕ್ಯವನ್ನು ಸೇರಿಸಿದರು, ಯಾವುದನ್ನು ಅಳಿಸಿದರು ಎಂಬ ದಾಖಲೆಯಿದೆ. ಗ್ರಂಥಸಂಪಾದನೆಯ ಶಿಸ್ತನ್ನು ಬಲ್ಲವರಿಗೆ ಈ ವ್ಯವಸ್ಥೆ ಅಪರಿಚಿತವೆನಿಸಬಾರದು. ಹಳಗನ್ನಡ ಕಾವ್ಯವೊಂದರ ಶಾಸ್ತ್ರೀಯ ಆವೃತ್ತಿಯಲ್ಲಿ ಸಂಪಾದಕನು ತಾನು ಸ್ವೀಕರಿಸಿದ ಪಾಠವನ್ನು ಮೇಲೆ ಮುದ್ರಿಸಿ, ತಿರಸ್ಕರಿಸಿದ ಪಾಠಾಂತರಗಳನ್ನು ಪುಟದ ಅಡಿಯಲ್ಲಿ ಉಳಿಸುತ್ತಾನೆ. ತಿರಸ್ಕೃತ ಪಾಠವನ್ನು ಸುಟ್ಟುಹಾಕುವುದಿಲ್ಲ. ಮುಂದೆ ಇನ್ನೊಬ್ಬ ವಿದ್ವಾಂಸನಿಗೆ ಅದೇ ಸಾಧುವೆನಿಸಬಹುದು. ಪಾಠಾಂತರಗಳಿಲ್ಲದ ಆವೃತ್ತಿಯನ್ನು ಸಂಶೋಧಕನು ಅನುಮಾನದಿಂದಲೇ ಕೈಗೆತ್ತಿಕೊಳ್ಳುತ್ತಾನೆ. ಹಾಗಿರುವಾಗ ಚರ್ಚೆಯ ಪುಟ ಬರಿದಾಗಿರುವ ವಿಶ್ವಕೋಶ ಲೇಖನದ ಬಗೆಗೆ ಅದೇ ಅನುಮಾನ ಏಕೆ ಮೂಡುವುದಿಲ್ಲ?

ಸ್ವಯಂಸೇವಕರು ಸೇರಿ ವಿಶ್ವಕೋಶ ರಚಿಸಬಹುದೆಂಬ ಕಲ್ಪನೆ ವಿಕಿಪೀಡಿಯಕ್ಕಿಂತ ಹಳೆಯದು. 2000ದಲ್ಲಿ ಆರಂಭವಾದ ನ್ಯೂಪೀಡಿಯ ತಜ್ಞರ ಯೋಜನೆಯಾಗಿತ್ತು. ಪ್ರತಿ ಲೇಖನವೂ ಏಳು ಹಂತಗಳ ಪರಿಶೀಲನೆಯನ್ನು ದಾಟಬೇಕಿತ್ತು. ಅದು ಮುಚ್ಚಿದಾಗ ಪೂರ್ಣಗೊಂಡಿದ್ದ ಲೇಖನಗಳು ಎರಡು ಡಜನಿನಷ್ಟು ಮಾತ್ರ. ಅದರ ಪಕ್ಕದಲ್ಲಿ, 2001ರ ಜನವರಿ 15ರಂದು, ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಅವರು ಸಹಾಯಕ ಕರಡು ಪುಸ್ತಕವೆಂಬಂತೆ ಆರಂಭಿಸಿದ ವಿಕಿಪೀಡಿಯವು ಮೂಲ ಯೋಜನೆಯನ್ನೇ ನುಂಗಿ ಬೆಳೆಯಿತು. ಹಳೆಯ ವಿಶ್ವಕೋಶಗಳಲ್ಲಿ ಭಿನ್ನಾಭಿಪ್ರಾಯವು ಸಂಪಾದಕ ಮಂಡಳಿಯ ಕೋಣೆಯೊಳಗೇ ಮುಗಿದುಹೋಗುತ್ತಿತ್ತು. ಶಿವರಾಮ ಕಾರಂತರು ‘ಬಾಲ ಪ್ರಪಂಚ’ವನ್ನೂ ‘ವಿಜ್ಞಾನ ಪ್ರಪಂಚ’ವನ್ನೂ ಒಬ್ಬರೇ ರಚಿಸಿದಾಗ ಆ ವಿವಾದ ಅವರ ಮನಸ್ಸಿನೊಳಗೇ ನಡೆದಿರಬೇಕು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಹದಿನಾಲ್ಕು ಸಂಪುಟಗಳ ಹಿಂದೆ ದೊಡ್ಡ ವಿದ್ವತ್ಸಮೂಹವೇ ಇತ್ತು. ಆದರೆ ಯಾವ ವಾಕ್ಯದ ಮೇಲೆ ಯಾರಿಗೆ ಆಕ್ಷೇಪವಿತ್ತೆಂಬುದು ಓದುಗನಿಗೆ ತಿಳಿಯುವಂತಿಲ್ಲ. ವಿಕಿಪೀಡಿಯವು ಮಾಡಿದ ನಿಜವಾದ ಹೊಸ ಕೆಲಸವೆಂದರೆ ಈ ಕೋಣೆಯ ಗೋಡೆಯನ್ನು ಕೆಡವಿದ್ದು.

ಗೋಡೆ ಬಿದ್ದಾಗ ಕಂಡದ್ದೆಲ್ಲ ಘನವಾದುದೇನಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಮೊಸರಿನ ಲೇಖನದ ಶೀರ್ಷಿಕೆಯಲ್ಲಿ ‘ಎಚ್’ ಅಕ್ಷರ ಇರಬೇಕೇ ಬೇಡವೇ ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆದು 2011ರಲ್ಲಿ ತಣ್ಣಗಾಯಿತು. ಚಲನಚಿತ್ರವೊಂದರ ಹೆಸರಿನ ನಡುವಿನ ಪದದ ಮೊದಲಕ್ಷರ ದೊಡ್ಡದಿರಬೇಕೇ ಚಿಕ್ಕದಿರಬೇಕೇ ಎಂಬುದಕ್ಕೆ ನಲವತ್ತು ಸಾವಿರ ಪದಗಳ ಚರ್ಚೆ ನಡೆಯಿತು. ವೈಯಾಕರಣರು ಅರ್ಧಮಾತ್ರೆಯ ಲಾಘವಕ್ಕೆ ಪುತ್ರೋತ್ಸವದಷ್ಟು ಸಂತೋಷಪಡುತ್ತಾರೆಂಬ ಹಳೆಯ ಮಾತನ್ನು ಕೇಳಿ ನಕ್ಕವರು ಇವರನ್ನು ಕಂಡು ಮತ್ತೊಮ್ಮೆ ನಗಬಹುದು.

ಆದರೆ ಹೆಸರಿನ ವ್ಯಾಜ್ಯವೆಲ್ಲವೂ ಹಾಸ್ಯಾಸ್ಪದವಲ್ಲ. ಬಾಲ್ಟಿಕ್ ಕಡಲ ತೀರದ ಒಂದು ನಗರವನ್ನು ಪೋಲಿಷರು ಗ್ದಾನ್ಸ್ಕ್ ಎನ್ನುತ್ತಾರೆ, ಜರ್ಮನರು ಡಾನ್ಜಿಗ್ ಎನ್ನುತ್ತಾರೆ. ಎರಡನೆಯ ಮಹಾಯುದ್ಧದ ಮೊದಲ ಗುಂಡುಗಳು ಹಾರಿದ್ದು ಅಲ್ಲಿಯೇ. ಇಂಗ್ಲಿಷ್ ಲೇಖನಗಳಲ್ಲಿ ಒಬ್ಬರು ಬರೆದ ಹೆಸರನ್ನು ಇನ್ನೊಬ್ಬರು ಅಳಿಸುವುದು, ಅಳಿಸಿದುದನ್ನು ಮತ್ತೆ ಬರೆಯುವುದು ಎಡೆಬಿಡದೆ ನಡೆಯಿತು. 2005ರಲ್ಲಿ ಸಂಪಾದಕರು ಮತದಾನದ ಮೂಲಕ ಒಂದು ಒಪ್ಪಂದಕ್ಕೆ ಬಂದರು. 1308ಕ್ಕೆ ಹಿಂದಿನ ಕಾಲಕ್ಕೆ ಗ್ದಾನ್ಸ್ಕ್, 1308ರಿಂದ 1945ರವರೆಗೆ ಡಾನ್ಜಿಗ್, ಆಮೇಲೆ ಮತ್ತೆ ಗ್ದಾನ್ಸ್ಕ್. ಮೊದಲ ಉಲ್ಲೇಖದಲ್ಲಿ ಇನ್ನೊಂದು ಹೆಸರನ್ನೂ ಕೊಡಬಹುದು. ಯಾರಿಗೂ ಪೂರ್ಣ ತೃಪ್ತಿಯಾಗಲಿಲ್ಲ. ಪೂರ್ಣ ತೃಪ್ತಿ ಅದರ ಉದ್ದೇಶವೂ ಆಗಿರಲಿಲ್ಲ. ಇಲ್ಲಿ ಗಮನಿಸಬೇಕಾದುದು ಇತಿಹಾಸವನ್ನು ಕಾಲಖಂಡಗಳಾಗಿ ಒಡೆದು ನೋಡುವ ವಿವೇಕ. ಜಗಳವಾಡದಿದ್ದರೆ ಆ ಸಂಪಾದಕರು ಒಂದೇ ಹೆಸರನ್ನು ಎಲ್ಲ ಶತಮಾನಗಳಿಗೂ ಹೊದಿಸಿ ಸುಮ್ಮನಿರುತ್ತಿದ್ದರು. 2010ರಲ್ಲಿ ವಿಕಿಪೀಡಿಯನ್ನರ ಜಾಗತಿಕ ವಾರ್ಷಿಕ ಸಮ್ಮೇಳನ ನಡೆದದ್ದು ಅದೇ ಗ್ದಾನ್ಸ್ಕ್ ನಗರದಲ್ಲಿ ಎಂಬುದು ಒಂದು ಸೊಗಸಾದ ಕಾಕತಾಳೀಯ.

ವಿಕಿಪೀಡಿಯದ ಮೂಲ ನಿಯಮಗಳಲ್ಲೊಂದು ‘ತಟಸ್ಥ ದೃಷ್ಟಿಕೋನ’. ಜೈನ ನ್ಯಾಯದ ಪರಿಚಯವುಳ್ಳವರು ಇದನ್ನು ಕೇಳಿದೊಡನೆ ಅನೇಕಾಂತವಾದವನ್ನು ನೆನೆಯುತ್ತಾರೆ. ಆನೆಯನ್ನು ಮುಟ್ಟಿದ ಕುರುಡರ ಕತೆಯನ್ನು ಹೇಳಿ, ವಿಕಿಪೀಡಿಯವು ಅನೇಕಾಂತದ ಆಧುನಿಕ ರೂಪವೆಂದು ತೀರ್ಮಾನಿಸಿಬಿಡುವುದು ಸುಲಭ. ಈ ಹೋಲಿಕೆ ಆಕರ್ಷಕವಾದರೂ ಶಿಥಿಲವಾದುದು. ಅನೇಕಾಂತವು ವಸ್ತುವಿನ ಸ್ವರೂಪವನ್ನು ಕುರಿತ ಸಿದ್ಧಾಂತ: ವಸ್ತುವೇ ಅನಂತಧರ್ಮಾತ್ಮಕ, ಒಂದೊಂದು ನಯವೂ ಅದರ ಒಂದೊಂದು ಧರ್ಮವನ್ನು ಗ್ರಹಿಸುತ್ತದೆ. ವಿಕಿಪೀಡಿಯದ ನಿಯಮಕ್ಕೆ ವಸ್ತುಸ್ವರೂಪದ ಗೊಡವೆಯಿಲ್ಲ. ಯಾವ ವಿಶ್ವಾಸಾರ್ಹ ಆಕರ ಏನು ಹೇಳಿದೆ, ಎಷ್ಟು ವಿದ್ವಾಂಸರು ಅದನ್ನು ಒಪ್ಪಿದ್ದಾರೆ ಎಂಬುದಷ್ಟೇ ಅದರ ವ್ಯಾಪ್ತಿ. ಅದು ಎಲ್ಲ ಮತಗಳಿಗೂ ಸಮಪಾಲು ಕೊಡುವುದಿಲ್ಲ. ಆಕರಗಳಲ್ಲಿ ದೊರೆತ ಮನ್ನಣೆಗೆ ತಕ್ಕಷ್ಟೇ ಸ್ಥಳ ಕೊಡುತ್ತದೆ. ಸಂಪಾದಕನ ಸ್ವಂತ ಸಂಶೋಧನೆಗೆ ಅಲ್ಲಿ ಎಡೆಯೇ ಇಲ್ಲ. ಅಕಲಂಕ, ವಿದ್ಯಾನಂದರಂತಹ ತಾರ್ಕಿಕರು ಈ ನಿಯಮದ ಕೆಳಗೆ ಒಂದು ವಾಕ್ಯವನ್ನೂ ಸೇರಿಸಲಾಗುತ್ತಿರಲಿಲ್ಲ, ಇನ್ನೊಬ್ಬರು ಅವರನ್ನು ಉಲ್ಲೇಖಿಸುವವರೆಗೆ.

ಆದರೂ ಎರಡೂ ಕೂಡುವ ಒಂದು ಸ್ಥಳವಿದೆ. ಅದು ಸಿದ್ಧಾಂತದಲ್ಲಿಲ್ಲ, ವಾದದ ಶಿಷ್ಟಾಚಾರದಲ್ಲಿದೆ. ಇತರ ನಯಗಳನ್ನು ಗೌಣವಾಗಿಸುವುದು ನಯದ ಲಕ್ಷಣ, ಅವನ್ನು ನಿರಾಕರಿಸುವುದು ದುರ್ನಯ. ನಿರಪೇಕ್ಷವಾದ ನಯ ಮಿಥ್ಯೆಯೆಂದು ಸಮಂತಭದ್ರರು ‘ಆಪ್ತಮೀಮಾಂಸೆ’ಯಲ್ಲಿ ಪ್ರತಿಪಾದಿಸಿದ್ದು ಇದನ್ನೇ. ಹರಿಭದ್ರಸೂರಿಯ ‘ಷಡ್ದರ್ಶನಸಮುಚ್ಚಯ’ ಪರಮತಗಳನ್ನು ವಿಕಾರಗೊಳಿಸದೆ ನಿರೂಪಿಸಿದ್ದಕ್ಕಾಗಿ ಇಂದಿಗೂ ಗೌರವ ಪಡೆದಿದೆ. ಪೂರ್ವಪಕ್ಷವನ್ನು ಪ್ರತಿವಾದಿಯೇ ‘ಹೌದು, ಇದೇ ನನ್ನ ಮಾತು’ ಎಂದು ಒಪ್ಪುವಂತೆ ಬರೆಯಬೇಕೆಂಬ ಈ ಶಿಸ್ತನ್ನು ವಿಕಿಪೀಡಿಯದ ಅನುಭವಿ ಸಂಪಾದಕರೂ ಹೊಸಬರಿಗೆ ಬೋಧಿಸುತ್ತಾರೆ. ಶಿಸ್ತನ್ನು ಬೋಧಿಸಿದ ಮಾತ್ರಕ್ಕೆ ಅದು ರೂಢಿಗೆ ಬರುವುದಿಲ್ಲ, ಎದುರಿಗೆ ಪ್ರತಿವಾದಿಯೊಬ್ಬ ಕುಳಿತಿರಬೇಕು. ಪ್ರತಿವಾದಿಯೇ ಇಲ್ಲದ ಸಭೆಯಲ್ಲಿ ಪೂರ್ವಪಕ್ಷ ತಾನಾಗಿಯೇ ದುರ್ಬಲವಾಗುತ್ತದೆ.

ಇದಕ್ಕೆ ಎರಡು ನಿದರ್ಶನಗಳಿವೆ, ಎರಡೂ ಯೂರೋಪಿನ ಸಣ್ಣ ಭಾಷೆಗಳವು. ಸ್ಕಾಟ್ಲೆಂಡಿನ ಸ್ಕಾಟ್ಸ್ ಭಾಷೆಯ ವಿಕಿಪೀಡಿಯದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಬರೆದವನು ಆ ಭಾಷೆಯನ್ನೇ ಅರಿಯದ ಒಬ್ಬ ಅಮೆರಿಕನ್ ಹದಿಹರೆಯದವನೆಂಬುದು 2020ರಲ್ಲಿ ಬಯಲಾಯಿತು. ಇಂಗ್ಲಿಷ್ ವಾಕ್ಯಗಳಿಗೆ ಸ್ಕಾಟ್ಸ್ ಉಚ್ಚಾರಣೆಯ ಕಾಗುಣಿತವನ್ನು ತೊಡಿಸಿ ಅವನು ವರ್ಷಗಳ ಕಾಲ ಬರೆಯುತ್ತಲೇ ಇದ್ದ. ಅವನಲ್ಲಿ ದುರುದ್ದೇಶವಿರಲಿಲ್ಲ, ಸೇವೆಯೆಂದೇ ನಂಬಿದ್ದ. ತಪ್ಪು ಅವನೊಬ್ಬನದೆಂದರೆ ಅನ್ಯಾಯವಾದೀತು. ಅಷ್ಟು ವರ್ಷ ಆ ಭಾಷೆಯ ಒಬ್ಬ ಅಧ್ಯಾಪಕನಾಗಲಿ ಲೇಖಕನಾಗಲಿ ಪಟ್ಟಾಗಿ ನಿಂತು ‘ಇದು ನಮ್ಮ ಭಾಷೆಯಲ್ಲ’ ಎಂದು ತಡೆಯಲಿಲ್ಲವೆಂಬುದೇ ಹೆಚ್ಚು ಯೋಚಿಸಬೇಕಾದ ಸಂಗತಿ.

ಕ್ರೊಯೇಷಿಯನ್ ಭಾಷೆಯ ಪ್ರಕರಣ ಇದಕ್ಕಿಂತ ಕರಾಳ. ಅಲ್ಲಿ ಭಿನ್ನಮತೀಯರು ಇದ್ದರು, ಅವರನ್ನು ಹೊರಹಾಕಲಾಯಿತು. ನಿರ್ವಾಹಕರ ಒಂದು ಸಣ್ಣ ಗುಂಪು ಸುಮಾರು ಒಂದು ದಶಕ ಆ ವಿಶ್ವಕೋಶವನ್ನು ತನ್ನ ರಾಷ್ಟ್ರವಾದಿ ಹಿಡಿತದಲ್ಲಿಟ್ಟುಕೊಂಡು, ಪ್ರಶ್ನಿಸಿದ ಸಂಪಾದಕರನ್ನು ನಿರ್ಬಂಧಿಸಿತು. ಎರಡನೆಯ ಮಹಾಯುದ್ಧದ ಕಾಲದ ಯಾಸೆನೊವಾಟ್ಸ್ ಸಾವಿನ ಶಿಬಿರದ ಕ್ರೌರ್ಯವನ್ನು ತೆಳುಗೊಳಿಸಿ ಬರೆಯಲಾಯಿತು. 2013ರಲ್ಲಿ ಆ ದೇಶದ ಶಿಕ್ಷಣ ಸಚಿವರೇ ವಿದ್ಯಾರ್ಥಿಗಳಿಗೆ ಈ ಪುಟಗಳನ್ನು ನಂಬಬೇಡಿರೆಂದು ಬಹಿರಂಗವಾಗಿ ಹೇಳಬೇಕಾಯಿತು. 2021ರಲ್ಲಿ ವಿಕಿಮೀಡಿಯ ಪ್ರತಿಷ್ಠಾನವು ಪ್ರಕಟಿಸಿದ ವರದಿ ಈ ಸಂಗತಿಗಳನ್ನು ವಿವರವಾಗಿ ದಾಖಲಿಸಿದೆ. ಹೊರನೋಟಕ್ಕೆ ಕ್ರೊಯೇಷಿಯನ್ ವಿಕಿಪೀಡಿಯ ಆ ವರ್ಷಗಳಲ್ಲಿ ಒಮ್ಮತದಿಂದ ನಡೆಯುತ್ತಿತ್ತು. ಒಮ್ಮತವನ್ನು ಸಾಧಿಸುವ ಎರಡು ಬಗೆಗಳಿವೆಯೆಂಬುದನ್ನು ನಿಯಮಾವಳಿಗಳು ಮರೆಯುವುದುಂಟು.

ಇದಕ್ಕೆ ಎದುರಾದ ಅಧ್ಯಯನವೊಂದು 2019ರಲ್ಲಿ ‘ನೇಚರ್ ಹ್ಯೂಮನ್ ಬಿಹೇವಿಯರ್’ ನಿಯತಕಾಲಿಕದಲ್ಲಿ ಬಂದಿತು. ಪರಸ್ಪರ ವಿರುದ್ಧ ರಾಜಕೀಯ ಒಲವುಳ್ಳ ಸಂಪಾದಕರು ಕೂಡಿ ಬರೆದ ಲೇಖನಗಳು ಒಂದೇ ಒಲವಿನವರು ಬರೆದವುಗಳಿಗಿಂತ ಗುಣಮಟ್ಟದಲ್ಲಿ ಮೇಲಾಗಿದ್ದವೆಂದು ಅದು ಕಂಡುಕೊಂಡಿತು. ಅವರ ಚರ್ಚೆಗಳು ದೀರ್ಘವಾಗಿದ್ದವು, ಆದರೆ ವಿಷಯನಿಷ್ಠವಾಗಿದ್ದವು. ನಿಯಮಗಳನ್ನು ಅವರು ಹೆಚ್ಚಾಗಿ ಆಶ್ರಯಿಸುತ್ತಿದ್ದರು.

ಹಾಗೆಂದು ಜಗಳವನ್ನೇ ವೈಭವೀಕರಿಸುವುದು ಸಲ್ಲದು. ಬಿಡುವು ಹೆಚ್ಚಿದ್ದವನು, ಗಟ್ಟಿ ದನಿಯವನು ಗೆಲ್ಲುವ ಅಪಾಯ ಅಲ್ಲಿ ಸದಾ ಇದೆ. ಇಪ್ಪತ್ನಾಲ್ಕು ಗಂಟೆಗಳಲ್ಲಿ ಒಂದೇ ಪುಟದಲ್ಲಿ ಇತರರ ತಿದ್ದುಪಡಿಯನ್ನು ಮೂರಕ್ಕಿಂತ ಹೆಚ್ಚು ಬಾರಿ ಹಿಂದಕ್ಕೆ ತಿರುಗಿಸಬಾರದೆಂಬ ನಿಯಮ ಇಂಗ್ಲಿಷಿನಲ್ಲಿ ಹುಟ್ಟಿದ್ದೇ ಈ ಕಾರಣಕ್ಕೆ. ವಿಕಿಮೀಡಿಯ ಪ್ರತಿಷ್ಠಾನದ 2011ರ ಸಮೀಕ್ಷೆಯಲ್ಲಿ ಮಹಿಳಾ ಸಂಪಾದಕರ ಪ್ರಮಾಣ ಶೇ. 10ನ್ನೂ ಮುಟ್ಟಲಿಲ್ಲ. ಚರ್ಚೆಯ ಪುಟಗಳ ಒರಟುತನಕ್ಕೂ ಈ ಅಂಕಿಗೂ ಸಂಬಂಧವಿಲ್ಲವೆಂದು ಹೇಳುವ ಧೈರ್ಯ ಯಾರಿಗೂ ಇರಲಾರದು. ಎದುರಾಳಿಯ ಸದ್ಭಾವನೆಯನ್ನು ಮೊದಲು ನಂಬು ಎಂಬ ಸೂತ್ರವನ್ನು ಬರೆದಿಡುವುದು ಸುಲಭ. ಮಧ್ಯರಾತ್ರಿಯಲ್ಲಿ ತನ್ನ ಮೂರು ದಿನಗಳ ಕೆಲಸ ಅಳಿಸಿಹೋದುದನ್ನು ಕಂಡವನು ಅದನ್ನು ಪಾಲಿಸುವುದು ಕಷ್ಟ.

ಕನ್ನಡ ವಿಕಿಪೀಡಿಯ 2003ರ ಜೂನ್‌ನಲ್ಲಿ ಆರಂಭವಾಯಿತು. ಲೇಖನಗಳ ಸಂಖ್ಯೆ ಮೂವತ್ತು ಸಾವಿರವನ್ನು ದಾಟಿದೆ. ಸಂಪಾದಕರು ಸೇರಿ ಮಾತನಾಡುವ ಪುಟಕ್ಕೆ ‘ಅರಳಿ ಕಟ್ಟೆ’ ಎಂಬ ಹೆಸರನ್ನಿಟ್ಟಿರುವುದು ಸೊಗಸಾಗಿದೆ. ಕೊರತೆಯಿರುವುದು ಕಟ್ಟೆಯ ಮೇಲೆ ಕೂರುವವರದು. ಕೆಲವೇ ಮಂದಿ ಬಿಡುವಿಲ್ಲದೆ ದುಡಿಯುತ್ತಾರೆ. ಅವರ ಶ್ರಮ ವಂದನೀಯ. ಅವರೊಡನೆ ವಾದಿಸಬಲ್ಲ ವಿದ್ವಾಂಸರು, ಅಂದರೆ ಕನ್ನಡ ಅಧ್ಯಾಪಕರು ಮತ್ತು ಸಂಶೋಧಕರು, ಆ ಕಡೆಗೆ ಸುಳಿಯುವುದಿಲ್ಲ. ತರಗತಿಯಲ್ಲಿ ‘ವಿಕಿಪೀಡಿಯವನ್ನು ನಂಬಬೇಡಿ’ ಎಂದು ಎಚ್ಚರಿಸಿ ಕೈತೊಳೆದುಕೊಳ್ಳುವ ಅಧ್ಯಾಪಕನು ಆ ಅವಿಶ್ವಾಸಕ್ಕೆ ತಾನೂ ಹೊಣೆಯೆಂಬುದನ್ನು ಒಪ್ಪುವುದಿಲ್ಲ. ಇನ್ನು ಕೆಲವೆಡೆ ಅಂಕಗಳ ಆಸೆ ತೋರಿಸಿ ವಿದ್ಯಾರ್ಥಿಗಳಿಂದ ಲೇಖನಗಳನ್ನು ಬರೆಸಲಾಗುತ್ತದೆ. ಹಾಗೆ ಬಂದ ಲೇಖನ ಅಂಕ ದೊರೆತ ಮರುದಿನವೇ ಅನಾಥವಾಗುತ್ತದೆ, ಏಕೆಂದರೆ ಅದನ್ನು ಸಮರ್ಥಿಸುವ ಆಸಕ್ತಿ ಬರೆದವನಿಗೇ ಇಲ್ಲ.

ಸುಮಾರು 2010ರ ಹೊತ್ತಿಗೆ ಗೂಗಲ್ ಸಂಸ್ಥೆಯು ತನ್ನ ಅನುವಾದ ಸಾಧನದ ನೆರವಿನಿಂದ ಭಾರತೀಯ ಭಾಷೆಗಳಿಗೆ ಇಂಗ್ಲಿಷ್ ಲೇಖನಗಳನ್ನು ಸಾಮೂಹಿಕವಾಗಿ ತರಿಸಿದಾಗ ಬಂಗಾಳಿ ಸಂಪಾದಕರು ಪ್ರತಿಭಟಿಸಿ ಅವನ್ನು ನಿರಾಕರಿಸಿದರು. ತಮಿಳರು ಮಾತುಕತೆಗೆ ಕುಳಿತು ಷರತ್ತುಗಳನ್ನು ಮುಂದಿಟ್ಟರು. ಕನ್ನಡಕ್ಕೂ ಅಂತಹ ಲೇಖನಗಳು ಬಂದವು. ಇಂಗ್ಲಿಷ್ ವಾಕ್ಯದ ಎಲುಬುಗೂಡಿಗೆ ಕನ್ನಡ ಪದಗಳನ್ನು ಅಂಟಿಸಿದಂತಿರುವ ಬರಹವನ್ನು ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ಸುಲಭ; ಆದರೆ ಬರೆಯಲೂ ಕೈಗಳು ಬೇಕು.

ಕನ್ನಡದ ವಿದ್ವತ್ಪರಂಪರೆಗೆ ವಾದ ಹೊಸತಲ್ಲ. ‘ಕವಿರಾಜಮಾರ್ಗ’ದ ಕರ್ತೃತ್ವದ ಪ್ರಶ್ನೆಯನ್ನೇ ತೆಗೆದುಕೊಳ್ಳಬಹುದು. 1898ರಲ್ಲಿ ಕೆ. ಬಿ. ಪಾಠಕರು ಅದನ್ನು ಸಂಪಾದಿಸಿ ಪ್ರಕಟಿಸಿದಾಗ ರಾಷ್ಟ್ರಕೂಟ ನೃಪತುಂಗನೇ ಕರ್ತೃವೆಂದರು. ಮುಂದೆ ‘ನೃಪತುಂಗದೇವಾನುಮತ’ ಎಂಬ ಸಮಾಸದ ಅರ್ಥವೇನೆಂಬುದು ವಿವಾದವಾಯಿತು. ಅರಸನು ಅನುಮೋದಿಸಿದ ಕೃತಿಯೆಂದಾದರೆ ಬರೆದವನು ಬೇರೆಯವನಾಗಬೇಕಷ್ಟೆ. ಶ್ರೀವಿಜಯನ ಹೆಸರು ಮುಂದೆ ಬಂದಿತು, ಎಂ. ವಿ. ಸೀತಾರಾಮಯ್ಯನವರು ಅವನ ಹೆಸರಿನಲ್ಲಿಯೇ ಕೃತಿಯನ್ನು ಸಂಪಾದಿಸಿದರು. ಇಂದು ಬಹುಮಂದಿ ಶ್ರೀವಿಜಯನ ಪಕ್ಷದಲ್ಲಿದ್ದಾರೆ. ಆದರೂ ಶಾಲೆಯಲ್ಲಿ ‘ನೃಪತುಂಗನ ಕವಿರಾಜಮಾರ್ಗ’ ಎಂದು ಕಲಿತ ಒಬ್ಬ ಉತ್ಸಾಹಿ ಸ್ವಯಂಸೇವಕನು ಶ್ರೀವಿಜಯನ ಹೆಸರನ್ನು ಅಳಿಸಬಹುದು, ಇನ್ನೊಬ್ಬ ನೃಪತುಂಗನ ಹೆಸರನ್ನು ಅಳಿಸಬಹುದು. ಇಬ್ಬರೂ ಮೂಲ ಸಮಸ್ಯೆಯಿರುವ ಆ ಒಂದು ಸಮಾಸವನ್ನು ಓದದೆಯೇ ಇರಬಹುದು. ಅಂತಹ ಸಂದರ್ಭದಲ್ಲಿ ಚರ್ಚೆಯ ಪುಟಕ್ಕೆ ಬಂದು, ಪಾಠಕರ ವಾದವೇನು, ಅದನ್ನು ಒಪ್ಪದವರ ಆಧಾರವೇನು, ಎರಡಕ್ಕೂ ಲೇಖನದಲ್ಲಿ ಎಷ್ಟು ಸ್ಥಳ ಸಲ್ಲಬೇಕು ಎಂದು ನಾಲ್ಕು ಸಾಲು ಬರೆಯಲು ಬೇಕಾದ ಅರ್ಹತೆ ಕರ್ನಾಟಕದ ಪ್ರತಿಯೊಂದು ಸ್ನಾತಕೋತ್ತರ ಕನ್ನಡ ವಿಭಾಗದಲ್ಲಿಯೂ ಇದೆ. ಆ ನಾಲ್ಕು ಸಾಲುಗಳಿಗೆ ಬಡ್ತಿಯ ಅಂಕಗಳು ದೊರೆಯುವುದಿಲ್ಲ; ಯಾವ ವಿಚಾರ ಸಂಕಿರಣದ ಪ್ರಮಾಣಪತ್ರವೂ ಬರುವುದಿಲ್ಲ. ಕೆಳಗೆ ಸಹಿ ಹಾಕಿದರೆ ಮರುದಿನ ಯಾರೋ ಅಪರಿಚಿತ ಯುವಕ ‘ಆಕರ ಕೊಡಿ’ ಎಂದು ಕೇಳುತ್ತಾನೆ. ಮೂವತ್ತು ವರ್ಷ ಪಾಠ ಹೇಳಿದವರಿಗೆ ಆ ಪ್ರಶ್ನೆ ಒರಟೆನಿಸಬಹುದು, ಆದರೂ ಪುಟಸಂಖ್ಯೆ ಸಹಿತ ಉತ್ತರ ಕೊಡಬೇಕಾಗುತ್ತದೆ.